ಬೀಗ ಹಾಕಿದ ಕೋಣೆಯಲ್ಲಿ ಹಸಿರು ಎಲೆ

ಅಜ್ಜಿಮನೆಯ ಅಟ್ಟದ ಕೋಣೆಗೆ ಕಿಟಕಿ ಇಲ್ಲ. ಅಜ್ಜಿ ತೀರಿಕೊಂಡಾಗಿನಿಂದ ಬಾಗಿಲಿಗೆ ಬೀಗ. ಸೂರಿನ ಹತ್ತಿರ ಒಂದು ಹಲಗೆ ಕಳಚಿ ಎರಡು ಅಂಗೈ ಅಗಲದ ಕಿಂಡಿಯಾಗಿದೆ, ಗಾಳಿ ಬೆಳಕು ಬರುವುದು ಅದೊಂದರಲ್ಲೇ. ಹೋದ ವರ್ಷ ಅಡಿಕೆ ಕೊಯ್ಲಿಗೆ ಮುಂಚೆ ಆ ಬಾಗಿಲು ತೆಗೆದಾಗ ನೆಲದ ತುಂಬ ಎಲೆ ಬಿದ್ದಿದ್ದವು. ಒಣಗಿದ ತರಗೆಲೆ ಅಲ್ಲ. ಕೆಲವು ಇನ್ನೂ ಹಸಿರಾಗಿದ್ದವು.

ಗಾಳಿಗೆ ಹಾರಿ ಬಂದಿರಬೇಕು ಅಂದುಕೊಂಡು ನಾನು ಹಿಡಿಯಲ್ಲಿ ಗುಡಿಸಿ ಮೂಲೆಗೆ ರಾಶಿ ಹಾಕುತ್ತಿದ್ದೆ. ಅಮ್ಮ ಬಗ್ಗಿ ಒಂದನ್ನು ಎತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಇದು ಎಲೆ ಅಲ್ಲ ಕಣೆ. ತೊಟ್ಟೆಲ್ಲಿದೆ ಇದಕ್ಕೆ?"

ನಿಜ, ತೊಟ್ಟಿರಲಿಲ್ಲ. ನಡುವೆ ನರ ಇತ್ತು, ನರದಿಂದ ಕವಲು ಒಡೆದಿತ್ತು, ತುದಿಯಲ್ಲಿ ಹುಳ ತಿಂದ ಹಾಗೆ ಕಂದು ಚುಕ್ಕೆಯೂ ಇತ್ತು. ಎಲೆಗೆ ಇರಬೇಕಾದ್ದೆಲ್ಲ ಇತ್ತು, ತೊಟ್ಟು ಮಾತ್ರ ಇಲ್ಲ. ಅವು ರೆಕ್ಕೆಗಳು. ಮಿಡತೆಯ ರೆಕ್ಕೆಗಳು.

ತಲೆ ಎತ್ತಿ ನೋಡಿದೆವು. ಜಂತಿಯ ಸಂದಿಯಲ್ಲಿ ಆರೇಳು ಬಾವಲಿ ತಲೆಕೆಳಗಾಗಿ ನೇತಾಡುತ್ತಿದ್ದವು. ದೊಡ್ಡ ದೊಡ್ಡ ಕಿವಿ. ಅವೂ ನಮ್ಮನ್ನೇ ನೋಡುತ್ತಿದ್ದವು.

ನಮ್ಮದು ಕೊಪ್ಪದ ಕಡೆ. ಪಡುವಣಕ್ಕೆ ನೋಡಿದರೆ ಕುದುರೆಮುಖದ ಸಾಲು ಕಾಣುತ್ತದೆ. ಮಳೆ ನಿಂತ ಮೇಲೆ ಇಲ್ಲಿ ರಾತ್ರಿ ಅಂದರೆ ಸದ್ದು. ಕಪ್ಪೆ, ಚಿಮ್ಮಂಡೆ, ಮಿಡತೆ ಎಲ್ಲ ಸೇರಿ ಕೂಗುವಾಗ ಫೋನಿನಲ್ಲಿ ಮಾತಾಡುವುದೂ ಕಷ್ಟ. ಊರಿನ ಹೊರಗಿನವರು ಬಂದರೆ ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ನಮಗೆ ಬೆಂಗಳೂರಿನಲ್ಲಿ ನಿದ್ದೆ ಬರುವುದಿಲ್ಲ.

ಆ ಗದ್ದಲದಲ್ಲಿ ಒಂದು ಪಾಲು ಎಲೆಮಿಡತೆಯದು. ಇಂಗ್ಲಿಷಿನಲ್ಲಿ ಇದಕ್ಕೆ ಕೇಟಿಡಿಡ್ ಅನ್ನುತ್ತಾರೆ. ಗದ್ದೆ ಬದುವಿನಲ್ಲಿ ಹಗಲು ಹೊತ್ತು ಚಿಮ್ಮುವ ಮಿಡತೆಯಿಂದ ಇದನ್ನು ಬೇರೆ ಮಾಡುವುದು ಸುಲಭ. ಬದುವಿನ ಮಿಡತೆಯ ಮೀಸೆ ಗಿಡ್ಡ. ಎಲೆಮಿಡತೆಯ ಮೀಸೆ ಕೂದಲಿನಷ್ಟು ಸಪೂರ, ಮೈಗಿಂತ ಉದ್ದ. ಇದರ ಓಡಾಟ ರಾತ್ರಿ. ಮಳೆಗಾಲ ಮುಗಿಯುವಾಗ ಜಗಲಿ ದೀಪಕ್ಕೆ ಬಂದು ಗೋಡೆಗೆ ಕೂರುತ್ತದಲ್ಲ, ಹಸಿರು, ತೆಳ್ಳಗೆ, ಅದೇ. ಇದರ ಕಿವಿ ಇರುವುದು ತಲೆಯಲ್ಲಿ ಅಲ್ಲ, ಮುಂಗಾಲಿನಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿದರೆ ಸಣ್ಣ ಸೀಳಿನ ಹಾಗೆಯೋ ಗುಳಿಯ ಹಾಗೆಯೋ ಕಾಣುತ್ತದೆ. ಹೆಣ್ಣಿನ ಬಾಲದ ಕಡೆ ಕುಡುಗೋಲಿನಂಥದ್ದು ಇರುತ್ತದೆ. ಚುಚ್ಚುವ ಮುಳ್ಳೆಂದು ಹೆದರಿ ಹೊಡೆಯುತ್ತಾರೆ. ಅದು ಚುಚ್ಚುವುದಲ್ಲ, ಮೊಟ್ಟೆ ಇಡುವುದು.

ದೀಪಕ್ಕೆ ಬಂದ ಇವನ್ನು ಹೊಡೆಯಲು ಅಜ್ಜಿ ಬಿಡುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದನ್ನು ಬೆಂಕಿಪೊಟ್ಟಣಕ್ಕೆ ತುಂಬಲು ಹೋಗಿ ಹಿಂಗಾಲು ಹಿಡಿದಿದ್ದೆ. ಮಿಡತೆ ಹೋಯಿತು, ಕಾಲು ನನ್ನ ಬೆರಳಲ್ಲಿ ಉಳಿಯಿತು, ಉಳಿದದ್ದು ಒದ್ದಾಡುತ್ತಲೇ ಇತ್ತು. ನಾನೇ ಮುರಿದೆ ಅಂತ ಅತ್ತಿದ್ದೆ. ಮುರಿದದ್ದು ನಾನಲ್ಲ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಹಿಡಿದವನ ಕೈಯಲ್ಲಿ ಕಾಲು ಬಿಟ್ಟು ಓಡುವುದು ಅದರದೇ ಉಪಾಯ. ತೊಡೆ ಮೈಗೆ ಸೇರುವ ಹತ್ತಿರ ಕಾಲು ಕಳಚಲೆಂದೇ ಒಂದು ಜಾಗ ಇರುತ್ತದೆ. ಕಳಚಿದ ಕೂಡಲೇ ಅಲ್ಲಿ ಮುಚ್ಚಿಕೊಂಡು ಮೈಯ ದ್ರವ ಸೋರುವುದು ನಿಲ್ಲುತ್ತದೆ. ಹಲ್ಲಿಗೆ ಬಾಲ ಮತ್ತೆ ಬರುತ್ತದೆ. ಇದಕ್ಕೆ ಹಿಂಗಾಲು ಮತ್ತೆ ಬರುವುದಿಲ್ಲ. ಆಮೇಲೆ ಬದುಕಿದಷ್ಟು ದಿನ ಒಂದೇ ಹಿಂಗಾಲು.

ಇಷ್ಟು ದುಬಾರಿ ಉಪಾಯ ಯಾಕೆ ಅಂದರೆ ಇದನ್ನು ತಿನ್ನುವವರು ಅಷ್ಟು ಮಂದಿ. ಹಗಲು ಹಕ್ಕಿ, ಓತಿಕ್ಯಾತ, ಮಂಗ, ಇರುವೆ. ರಾತ್ರಿ ಕಪ್ಪೆ, ಜೇಡ, ಬಾವಲಿ. ಮೈಯಲ್ಲಿ ವಿಷವಿಲ್ಲ, ಕುಟುಕುವ ಮುಳ್ಳಿಲ್ಲ, ದಪ್ಪ ಹೊಟ್ಟೆ ಬೇರೆ. ಕಾಡಿನಲ್ಲಿ ಎಲ್ಲರಿಗೂ ಬೇಕಾದ ಊಟ.

ಹಾಗಾಗಿ ಹಗಲಿನಲ್ಲಿ ಇದರ ಮೊದಲ ಕೆಲಸ ಇಲ್ಲದ ಹಾಗೆ ಇರುವುದು. ಎಲೆಯ ಬಣ್ಣ ಇದ್ದರೆ ಸಾಲದು, ಎಲೆ ಕೂತ ಹಾಗೆ ಕೂರಬೇಕು. ಮೀಸೆಯನ್ನು ಮುಂದಕ್ಕೆ ಒಟ್ಟಿಗೆ ಚಾಚಿ ಕೊಂಬೆಗೆ ಒತ್ತಿಕೊಳ್ಳುತ್ತವೆ, ಕಾಲು ಮೈಗೆ ಅಂಟಿಸಿಕೊಳ್ಳುತ್ತವೆ, ಗಾಳಿ ಬಂದರೆ ಗಿಡದ ಜೊತೆಗೆ ತೂಗುತ್ತವೆ. ನಮ್ಮ ಕಡೆ ಇನ್ನೊಂದು ಬಗೆ ಇದೆ. ಅದಕ್ಕೆ ಹಸಿರು ಇಲ್ಲ, ಕಲ್ಲುಹೂವು ಹತ್ತಿದ ತೊಗಟೆಯ ಬಣ್ಣ. ಮರಕ್ಕೆ ಚಪ್ಪಟೆಯಾಗಿ ಅಂಟಿಕೊಂಡು, ನೆರಳು ಕೂಡ ಬೀಳದ ಹಾಗೆ ರೆಕ್ಕೆಯ ಅಂಚನ್ನು ತೊಗಟೆಗೆ ಒತ್ತಿಕೊಂಡಿರುತ್ತದೆ. ನಾನು ಒಮ್ಮೆ ಮಾವಿನ ಮರಕ್ಕೆ ಕೈ ಊರಿ ಚಪ್ಪಲಿಯ ಮುಳ್ಳು ತೆಗೆಯುವಾಗ ಕೈ ಕೆಳಗೆ ತೊಗಟೆ ಸರಿದು ಹೋಯಿತು. ಚೀರಿದ್ದು ನಾನು, ಅದಲ್ಲ.

ದೂರದ ದೇಶಗಳಲ್ಲಿ ಇದರ ನಂಟರು ಇನ್ನೂ ವೇಷ ಹಾಕುತ್ತಾರೆ. ಅಮೆಜಾನ್ ಕಾಡಿನಲ್ಲಿ ಒಂದಿದೆ, ಕೂತಾಗ ಕೊಳೆತ ತರಗೆಲೆ. ಮುಟ್ಟಿದರೆ ಫಕ್ಕನೆ ರೆಕ್ಕೆ ಬಿಚ್ಚುತ್ತದೆ, ಒಳರೆಕ್ಕೆಯಲ್ಲಿ ಎರಡು ದೊಡ್ಡ ಕಣ್ಣಿನ ಚಿತ್ರ. ಹಕ್ಕಿ ಒಂದು ಕ್ಷಣ ಹಿಂಜರಿದರೂ ಸಾಕು. ಆಫ್ರಿಕಾದ ದಕ್ಷಿಣದ ದೇಶಗಳಲ್ಲಿ ಇನ್ನೊಂದು, ಅದಕ್ಕೆ ಹಾರಲು ಬಾರದು, ಕತ್ತಿನ ಸುತ್ತ ಮುಳ್ಳಿನ ಕವಚ. ನಮ್ಮ ಬಯಲುಸೀಮೆಯವರು ಕೇಳಬೇಕಾದ ವಿಷಯ, ಅಲ್ಲಿ ಅದು ಜೋಳದ ಪೈರಿಗೆ ಬೀಳುವ ದೊಡ್ಡ ಪೀಡೆ. ಅದನ್ನು ಹಿಡಿದರೆ ಕವಚದ ಸಂದಿಯಿಂದ ತನ್ನ ಮೈಯ ದ್ರವವನ್ನೇ ಪಿಚಕಾರಿಯ ಹಾಗೆ ಚಿಮ್ಮಿಸುತ್ತದೆ. ಅದರ ವಾಸನೆ ಮತ್ತು ರುಚಿಗೆ ಹಲ್ಲಿ ಜಾತಿಯವು ಬಾಯಿ ಬಿಡುತ್ತವೆ. ತಮಾಷೆ ಏನೆಂದರೆ ಹಲ್ಲಿ ಬಿಟ್ಟರೂ ಸ್ವಂತ ಜಾತಿಯವರು ಬಿಡುವುದಿಲ್ಲ. ಚಿಮ್ಮಿದ ದ್ರವ ಮೈಗೆ ಮೆತ್ತಿಕೊಂಡಿದ್ದರೆ ಅದರ ವಾಸನೆ ಹಿಡಿದು ಪಕ್ಕದವೇ ಬಂದು ತಿನ್ನುತ್ತವೆ. ಹಾಗಾಗಿ ಬಚಾವಾದ ಮೇಲೆ ಅದು ಮೊದಲು ಕೂತು ಮೈ ಒರೆಸಿಕೊಳ್ಳುತ್ತದೆ.

ಇದೆಲ್ಲ ಹಗಲಿನ ಕತೆ. ನಮ್ಮ ಅಟ್ಟದಲ್ಲಿ ಬಿದ್ದಿದ್ದ ರೆಕ್ಕೆಗಳದ್ದು ರಾತ್ರಿಯ ಕತೆ. ಅಲ್ಲಿ ಎಲೆಯ ವೇಷ ನಡೆಯುವುದಿಲ್ಲ, ಯಾಕೆಂದರೆ ಹುಡುಕುವವನು ಕಣ್ಣಿನಿಂದ ಹುಡುಕುವುದಲ್ಲ, ಕಿವಿಯಿಂದ.

ಈ ಜಾಗದಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಇಲ್ಲೇ ಮಲೆನಾಡಿನ ರಾತ್ರಿ ಸದ್ದಿನ ಬಗ್ಗೆ ಬರೆದಿದ್ದೆ. ಕೂಗುವುದು ಗಂಡು, ಹೆಣ್ಣನ್ನು ಕರೆಯಲು. ಆ ಕೂಗು ಶತ್ರುವಿಗೂ ಕೇಳುತ್ತದೆ, ಹಾಗಾಗಿ ಗಂಡು ಜೀವ ಪಣಕ್ಕಿಟ್ಟು ಹಾಡುತ್ತದೆ, ಹೆಣ್ಣು ಸುಮ್ಮನೆ ಮರೆಯಲ್ಲಿ ಕ್ಷೇಮವಾಗಿ ಕೂತು ಕೇಳಿ ಆರಿಸಿಕೊಳ್ಳುತ್ತದೆ ಅಂತ. ಬರಹ ಬಹಳ ಜನರಿಗೆ ಇಷ್ಟವಾಯಿತು. ನಮ್ಮ ಪಕ್ಕದ ಊರಿನ ಮೇಷ್ಟ್ರೊಬ್ಬರು ತರಗತಿಯಲ್ಲಿ ಓದಿಸಿದೆ ಅಂದರು. "ಕ್ಷೇಮವಾಗಿ" ಅನ್ನುವ ಪದವನ್ನು ನಾನು ಎಲ್ಲಿಂದಲೂ ತಿಳಿದು ಬರೆದದ್ದಲ್ಲ. ವಾಕ್ಯ ಚೆನ್ನಾಗಿ ಬಂತು, ಬರೆದೆ.

ಅದರ ಅರ್ಧ ನಿಜ. ಮಧ್ಯ ಅಮೆರಿಕದ ಪನಾಮಾದ ಕಾಡಿನಲ್ಲಿ ಬೆಲ್‌ವುಡ್ ಮತ್ತು ಮಾರಿಸ್ ಎಂಬ ಇಬ್ಬರು ವಿಜ್ಞಾನಿಗಳು ಮಾಡಿದ ಕೆಲಸ 1987ರಲ್ಲಿ ಪ್ರಕಟವಾಯಿತು. ಅಲ್ಲಿನ ಕೆಲವು ಬಾವಲಿಗಳು ಎಲೆಮಿಡತೆಯ ಕೂಗು ಹಿಡಿದೇ ಬಂದು ಎತ್ತಿಕೊಂಡು ಹೋಗುತ್ತವೆ. ಅದಕ್ಕೇ ಆ ಕಾಡಿನ ಮಿಡತೆಗಳು ಕೂಗುವುದನ್ನೇ ಕಡಿಮೆ ಮಾಡಿಕೊಂಡಿವೆ. ಬಿಟ್ಟು ಬಿಟ್ಟು ಒಂದೊಂದು ಚಿಟಿಕೆ ಸದ್ದು, ಮತ್ತೆ ಮೌನ. ಉಳಿದ ಮಾತನ್ನು ಕೂತ ಗಿಡವನ್ನೇ ಮೈಯಿಂದ ನಡುಗಿಸಿ ಹೇಳುತ್ತವೆ. ನಡುಕ ಗಾಳಿಯಲ್ಲಿ ಹೋಗುವುದಿಲ್ಲ, ಕೊಂಬೆಯಲ್ಲಿ ಹೋಗುತ್ತದೆ. ಬಾವಲಿಗೆ ಕೇಳದು. ನಾನು ಓದಿದ್ದು ಇದನ್ನು, ಉಳಿದದ್ದನ್ನು ನಾನೇ ಸೇರಿಸಿದ್ದೆ.

ಅಟ್ಟಕ್ಕೆ ಮತ್ತೆ ಬರೋಣ. ಅಮ್ಮ ಆ ರೆಕ್ಕೆಗಳನ್ನು ಬಿಸಾಡಲಿಲ್ಲ. ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟಳು. ಮಾರನೇ ದಿನ ಹೋಗಿ ನೋಡಿದರೆ ಗುಡಿಸಿದ ನೆಲದಲ್ಲಿ ಹೊಸ ರೆಕ್ಕೆ. ಎರಡು ವಾರ ಅಮ್ಮ ಬೆಳಗ್ಗೆ ಹಾಲು ಕರೆದು ಬಂದು ಅಟ್ಟ ಹತ್ತಿ ಹೆಕ್ಕಿ ತಂದಳು. ಮಿಡತೆಯದು, ದೊಡ್ಡ ಪತಂಗದ್ದು, ಜೀರುಂಡೆಯ ಗಟ್ಟಿ ಹೊದಿಕೆ. ಬಾವಲಿ ಹೊರಗೆ ಹಿಡಿದದ್ದನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಇಲ್ಲಿ ನೇತಾಡಿಕೊಂಡು ತಿನ್ನುತ್ತದೆ. ನಾವು ಕಡಲೆಕಾಯಿ ತಿನ್ನುವ ಹಾಗೆ, ಬೇಡದ್ದನ್ನು ಕೆಳಗೆ ಉದುರಿಸುತ್ತದೆ.

ಒಂದು ಸಂಜೆ ಅಮ್ಮ ಜಗಲಿಯಲ್ಲಿ ಹಾಳೆ ಹಾಸಿ ಅವನ್ನು ಹರಡಿ ಕೂತಿದ್ದಳು. "ಇದು ನೋಡು, ಎಲ್ಲ ಒಂದೇ ಥರ ಅಲ್ಲ. ಕೆಲವಕ್ಕೆ ಬುಡದಲ್ಲಿ ಒಂದು ಗಾಜಿನ ತುಂಡಿನ ಹಾಗೆ ಇದೆ. ಕೆಲವಕ್ಕೆ ಇಲ್ಲ."

ನಾನು ಫೋನಿನ ಟಾರ್ಚ್ ಹಚ್ಚಿದೆ. ಅಮ್ಮ ಕಂಡುಹಿಡಿದದ್ದು ಸರಿಯಿತ್ತು. ಎಲೆಮಿಡತೆ ಕೂಗುವುದು ಗಂಟಲಿನಿಂದ ಅಲ್ಲ, ಮೇಲಿನ ಎರಡು ರೆಕ್ಕೆಗಳ ಬುಡವನ್ನು ಒಂದಕ್ಕೊಂದು ಉಜ್ಜಿ. ಎಡರೆಕ್ಕೆಯ ಕೆಳಮೈಯಲ್ಲಿ ಒಂದು ದಪ್ಪ ನರ, ಅದರ ಮೇಲೆ ಬಡಗಿಯ ಅರಕ್ಕೆ ಇರುವ ಹಾಗೆ ಸಾಲಾಗಿ ಹಲ್ಲು. ಬಲರೆಕ್ಕೆಯ ಅಂಚು ಆ ಹಲ್ಲನ್ನು ಗೀರುತ್ತದೆ. ಗೀರಿದ ಸದ್ದನ್ನು ದೊಡ್ಡದು ಮಾಡಲು ಪಕ್ಕದಲ್ಲಿ ತೆಳ್ಳನೆಯ ಪೊರೆ, ಅದಕ್ಕೆ ಕನ್ನಡಿ ಅಂತಲೇ ಹೆಸರು. ಇವೆಲ್ಲ ಇರುವುದು ಗಂಡಿನ ರೆಕ್ಕೆಯಲ್ಲಿ. ಹೆಣ್ಣಿನ ರೆಕ್ಕೆ ಬುಡದಿಂದ ತುದಿಯವರೆಗೆ ಬರೀ ಎಲೆ.

ಅಂದರೆ ಮೈ ಪೂರ್ತಿ ತಿಂದು ಹೋಗಿದ್ದರೂ ರೆಕ್ಕೆ ನೋಡಿ ಸತ್ತದ್ದು ಗಂಡೋ ಹೆಣ್ಣೋ ಹೇಳಬಹುದು.

ಅಮ್ಮ ಹಾಳೆಯ ಮೇಲೆ ಎರಡು ಗುಂಪು ಮಾಡಿದಳು. ನಾನು ಬರೆದದ್ದು ಸರಿಯಾಗಿದ್ದರೆ ಗಾಜಿನ ತುಂಡಿರುವ ಗುಂಪು ದೊಡ್ಡದಾಗಬೇಕಿತ್ತು. ಕೂಗಿದವನನ್ನು ತಾನೇ ಬಾವಲಿ ಹಿಡಿಯುವುದು? ಆದರೆ ದೊಡ್ಡದಾದದ್ದು ಇನ್ನೊಂದು ಗುಂಪು.

ಎರಡು ವಾರದ ಬಿಸ್ಕತ್ತು ಡಬ್ಬಿಯಿಂದ ಏನನ್ನೂ ಸಾಬೀತು ಮಾಡಲಾಗದು, ಅದು ನನಗೂ ಗೊತ್ತು. ಹೆಣ್ಣೇ ಹೆಚ್ಚು ಹುಟ್ಟುವ ಜಾತಿ ಇರಬಹುದು, ಅಮ್ಮ ಹೆಕ್ಕುವಾಗ ದೊಡ್ಡದನ್ನೇ ಹೆಕ್ಕಿರಬಹುದು. ಹಾಗಂತ ಸುಮ್ಮನಿರಲು ಆಗಲಿಲ್ಲ. ಹುಡುಕಿ ಓದಿದೆ. ಓದಿದ ಮೇಲೆ ನಾಚಿಕೆಯಾಯಿತು. ನಾನು ಪನಾಮಾದ ತನಕ ಹೋಗಿದ್ದೆ, ಉತ್ತರ ನಮ್ಮ ಘಟ್ಟದಲ್ಲೇ ಇತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಎಂಬ ಪ್ರಾಧ್ಯಾಪಕಿ ಮತ್ತು ಅವರ ವಿದ್ಯಾರ್ಥಿಗಳು ಎಷ್ಟೋ ವರ್ಷ ಚಿಮ್ಮಂಡೆ, ಎಲೆಮಿಡತೆಗಳ ಕೂಗನ್ನೇ ಅಭ್ಯಾಸ ಮಾಡಿದ್ದಾರೆ. ಕುದುರೆಮುಖದ ಕಾಡಿನಲ್ಲಿ ರಾತ್ರಿ ಕೂತು ಯಾವ ಸದ್ದು ಯಾರದು ಅಂತ ಬಿಡಿಸಿದ್ದಾರೆ. ದಕ್ಷಿಣ ಭಾರತದ ಒಂದು ಎಲೆಮಿಡತೆ ನೋಡಲು ಒಂದೇ ಥರ, ಆದರೆ ಐದು ಬೇರೆ ಬೇರೆ ಹಾಡು ಇರುವುದನ್ನು 2006ರಲ್ಲಿ ತೋರಿಸಿದವರು ಇವರೇ. ಒಂದು ಹಾಡಿಗೆ ಹೆಲಿಕಾಪ್ಟರ್ ಅಂತ, ಇನ್ನೊಂದಕ್ಕೆ ರೈಲು ಅಂತ ಹೆಸರಿಟ್ಟಿದ್ದಾರೆ. ರಾತ್ರಿ ಕಿವಿಗೊಟ್ಟು ಕೇಳಿ, ಹೆಸರು ತಾನಾಗಿ ಅರ್ಥವಾಗುತ್ತದೆ.

ಇದೇ ತಂಡ 2015ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ಅಟ್ಟದ ಕತೆಗೆ ಸೇರಿದ್ದು. ಪಶ್ಚಿಮ ಘಟ್ಟದಲ್ಲಿ ನಮ್ಮ ಅಟ್ಟದಲ್ಲಿರುವಂಥದೇ ಬಾವಲಿ ವಾಸವಾಗಿರುವ ಜಾಗಗಳ ಕೆಳಗೆ ಬಿದ್ದ ರೆಕ್ಕೆಗಳನ್ನು ಅವರು ಸಂಗ್ರಹಿಸಿದರು. ಅಮ್ಮ ಮಾಡಿದ ಹಾಗೆಯೇ ಗಂಡು ಹೆಣ್ಣು ಬೇರೆ ಮಾಡಿ ಎಣಿಸಿದರು. ಹೆಣ್ಣಿನ ರೆಕ್ಕೆ ಗಂಡಿನದಕ್ಕಿಂತ ಬಹಳ ಹೆಚ್ಚು. ಅಷ್ಟಕ್ಕೇ ಬಿಡಲಿಲ್ಲ. ಬಾವಲಿಯ ಎದುರು ಗಂಡಿನ ಕೂಗಿನ ಧ್ವನಿಮುದ್ರಿಕೆ ಹಾಕಿದರು. ಒಟ್ಟಾರೆ ನೋಡಿದರೆ ಬಾವಲಿ ಆ ಕೂಗಿನ ಹತ್ತಿರ ಬಂದದ್ದು ಕೆಲವೇ ಸಲ. ದಾರ ಕಟ್ಟಿ ಹಾರಲು ಬಿಟ್ಟ, ಸದ್ದೇ ಮಾಡದ ಹೆಣ್ಣಿನ ಹತ್ತಿರ ಬಂದದ್ದು ಪ್ರತಿ ಸಲ. ಹಿಡಿದದ್ದೂ ಪ್ರತಿ ಸಲ.

ಕಾರಣ ಕೇಳಿದರೆ ಸರಳ. ಗಂಡು ಒಂದು ಜಾಗದಲ್ಲಿ, ಎಲೆಗಳ ನಡುವೆ ಕೂತು ಕೂಗುತ್ತದೆ. ಅನುಮಾನ ಬಂದರೆ ನಿಲ್ಲಿಸುತ್ತದೆ. ಆ ಕೂಗಿನ ಹತ್ತಿರಕ್ಕೆ ಹೋಗಬೇಕಾದದ್ದು ಹೆಣ್ಣು. ಒಂದು ಮರದಿಂದ ಇನ್ನೊಂದು ಮರಕ್ಕೆ, ಬಯಲು ದಾಟಿ, ಕತ್ತಲಲ್ಲಿ. ಬಾಯಿ ಮುಚ್ಚಿಕೊಂಡಿದ್ದರೂ ರೆಕ್ಕೆ ಬಡಿದಾಗ ಅದು ಆಕಾಶದಲ್ಲಿ ಒಂಟಿ. ಮರೆಯಲ್ಲಿ ಕ್ಷೇಮವಾಗಿ ಕೂತವಳು ಅಂತ ನಾನು ಬರೆದದ್ದು ಇವಳ ಬಗ್ಗೆ.

ಇದನ್ನು ಓದಿ ಹೇಳಿದಾಗ ಅಮ್ಮ ಆಶ್ಚರ್ಯಪಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಜ್ಜ ರಾತ್ರಿ ತೋಟ ದಾಟಿ ಬರುವಾಗ ದಾರಿಯುದ್ದ ಕೆಮ್ಮುತ್ತ, ಕೂಗುತ್ತ ಬರ್ತಿದ್ರು. ಹಾವು ಹಂದಿ ಸರಿದು ಹೋಗ್ಲಿ ಅಂತ. ಅಜ್ಜಿ ಹೆರಿಗೆ ಮಾಡಿಸಲು ಎಷ್ಟು ರಾತ್ರಿ ಹೋಗಿದಾಳೋ, ಅವಳು ದಾರಿಯಲ್ಲಿ ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಲಿಲ್ಲ" ಅಂದಳು. ಆಮೇಲೆ ರೆಕ್ಕೆಗಳನ್ನು ಡಬ್ಬಿಗೆ ತುಂಬಿದಳು.

ಮಿಡತೆಯ ಮೇಲೆ ಮನುಷ್ಯರ ಕತೆ ಹೊರಿಸಬಾರದು ಅಂತ ನಮಗೆ ಪತ್ರಿಕೋದ್ಯಮದ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಹೊರಿಸುತ್ತಿಲ್ಲ. ಅಮ್ಮ ಹೇಳಿದ್ದನ್ನು ಬರೆದೆ, ಅಷ್ಟೇ. ಆದರೆ ಎರಡು ವರ್ಷದ ಹಿಂದೆ ನಾನು ಹೊರಿಸಿದ್ದು ಯಾರ ಕತೆ ಅಂತ ಈಗ ಯೋಚಿಸಿದರೆ ಕಸಿವಿಸಿಯಾಗುತ್ತದೆ. ಮೇಷ್ಟ್ರಿಗೆ ಫೋನ್ ಮಾಡಿ ತಪ್ಪಾಗಿದೆ ಅಂದೆ. "ಪರವಾಗಿಲ್ಲಮ್ಮ, ಮಕ್ಕಳು ಅದನ್ನು ಮರೆತಿರ್ತಾರೆ" ಅಂದರು. ಅದೂ ಬೇಜಾರಾಯಿತು.

ಇನ್ನು ಬಾವಲಿಯ ವಿಷಯ. ಕೋಣೆ ತೆಗೆಸಿದ್ದೇ ಮಾವ, ಅಡಿಕೆ ಚೀಲ ಇಡಲು ಜಾಗ ಬೇಕಿತ್ತು. ಬಾವಲಿ ನೋಡಿದ ಕೂಡಲೇ, "ಮೆಣಸಿನಕಾಯಿ ಹೊಗೆ ಹಾಕಿದ್ರೆ ಒಂದೇ ದಿನಕ್ಕೆ ಖಾಲಿ" ಅಂದ. ಕೇರಳದಲ್ಲಿ 2018ರಲ್ಲಿ ನಿಪಾ ಬಂದಾಗಿನಿಂದ ನಮ್ಮ ಕಡೆ ಬಾವಲಿ ಅಂದರೆ ಜನರಿಗೆ ಮೈ ಜುಮ್ಮೆನ್ನುತ್ತದೆ. ಮಾವನಿಗೂ ಅದೇ ಭಯ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಆ ಭಯವನ್ನು ನಕ್ಕು ತಳ್ಳಿಹಾಕುವಂತಿಲ್ಲ.

ನನಗೆ ತಿಳಿದದ್ದನ್ನು ಹೇಳಿದೆ. ನಿಪಾ ವೈರಸ್ಸಿನ ಮೂಲ ನೆಲೆ ಹಣ್ಣು ತಿನ್ನುವ ದೊಡ್ಡ ಬಾವಲಿ, ಆಲದ ಮರದಲ್ಲಿ ನೂರಾರು ನೇತಾಡುತ್ತವಲ್ಲ, ಅದು. ನಮ್ಮ ಅಟ್ಟದ್ದು ಬೇರೆ. ಇದಕ್ಕೆ ಎರಡು ಕಿವಿಯೂ ನಡುವೆ ಕೂಡಿಕೊಂಡಿರುತ್ತವೆ, ಮೂಗಿನ ಮೇಲೆ ಎಲೆಯಂಥ ಚರ್ಮ ನಿಂತಿರುತ್ತದೆ, ಬಾಲ ಕಾಣುವುದೇ ಇಲ್ಲ. ಹಣ್ಣು ಮುಟ್ಟುವುದಿಲ್ಲ. ದೊಡ್ಡ ಹುಳ ಹುಪ್ಪಟೆ ಇದರ ಊಟ, ಆಗೊಮ್ಮೆ ಈಗೊಮ್ಮೆ ಸಣ್ಣ ಕಪ್ಪೆ, ಹಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ "ಸುಳ್ಳು ರಕ್ತಪಿಪಾಸು" ಅನ್ನುವ ಅರ್ಥದ ಹೆಸರಿದೆ. ಹೆಸರೇ ಹೇಳುವ ಹಾಗೆ ರಕ್ತ ಕುಡಿಯುವುದಿಲ್ಲ. ರಕ್ತ ಕುಡಿಯುವ ಬಾವಲಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಹಾಗಂತ ಯಾವ ಬಾವಲಿಯನ್ನೂ ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ ಸೋಪು ಹಾಕಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಹಿಕ್ಕೆ ಬಿದ್ದ ಕೋಣೆ ಗುಡಿಸುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು. ನಾವು ಮೊದಲ ದಿನ ಕಟ್ಟಿಕೊಂಡಿರಲಿಲ್ಲ, ಅದೂ ತಪ್ಪು.

ಮಾವ ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಅಲ್ಲ ಪುಟ್ಟಿ, ಆ ಮಿಡತೆಗೆ ಕಾಲಲ್ಲಿ ಕಿವಿ ಇದೆ ಅಂತೀಯ. ಬಾವಲಿ ಬರೋದು ಕೇಳಲ್ವಾ ಅದಕ್ಕೆ?"

ಕೇಳುತ್ತದೆ. ಬಾವಲಿ ಹಾರುವಾಗ ನಮ್ಮ ಕಿವಿಗೆ ನಿಲುಕದ ಕೀರಲು ಸದ್ದು ಬಿಡುತ್ತದೆ, ಅದು ಎದುರಿನ ವಸ್ತುವಿಗೆ ತಾಗಿ ಹಿಂದೆ ಬಂದಾಗ ಏನಿದೆ ಎಂದು ತಿಳಿಯುತ್ತದೆ. ಆ ಸದ್ದು ಎಲೆಮಿಡತೆಗೆ ಕೇಳಿಸುತ್ತದೆ. ಕೆಲವು ಜಾತಿಯವು ಹಾರುತ್ತಿದ್ದರೆ ತಟ್ಟನೆ ರೆಕ್ಕೆ ಮಡಚಿ ಕಲ್ಲಿನ ಹಾಗೆ ಕೆಳಗೆ ಬೀಳುತ್ತವೆ. ಆದರೆ ನಮ್ಮ ಅಟ್ಟದ ಬಾವಲಿ ಬಗೆಯದು ಜೋರಾಗಿ ಕೂಗುವುದಿಲ್ಲ, ಪಿಸುಗುಡುತ್ತದೆ. ಕೆಲವೊಮ್ಮೆ ಅದನ್ನೂ ಬಿಟ್ಟು ಬರೀ ಆ ದೊಡ್ಡ ಕಿವಿಯಿಂದ ಎಲೆ ಸರಿದ ಸದ್ದು, ರೆಕ್ಕೆ ಬಡಿದ ಸದ್ದು ಕೇಳಿಕೊಂಡೇ ಬರುತ್ತದೆ. ಮಿಡತೆಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

"ಕಳ್ಳ ನನ್ಮಗಂದು" ಅಂದ ಮಾವ. ಸ್ವಲ್ಪ ಮೆಚ್ಚುಗೆ ಇತ್ತು ದನಿಯಲ್ಲಿ.

ಗುಂಪಿನ ವಿಷಯವನ್ನೂ ಹೇಳಿದೆ. ಅದೇ ಬೆಂಗಳೂರಿನ ತಂಡ 2021ರಲ್ಲಿ ಇನ್ನೊಂದು ಕೆಲಸ ಪ್ರಕಟಿಸಿತು, ಇದೇ ಬಾವಲಿಯ ಮೇಲೆ. ಒಂದೇ ಮಿಡತೆ ಕೂಗುತ್ತಿದ್ದರೆ ಬಾವಲಿ ಬೇಗ ಹಿಡಿಯುತ್ತದೆ, ಹತ್ತಿರ ಹತ್ತಿರ ಕೂತು ಹಲವು ಕೂಗುತ್ತಿದ್ದರೆ ಒಂದನ್ನು ಹಿಡಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ಸದ್ದು ಯಾವ ಕಡೆಯಿಂದ ಅಂತ ಗೊಂದಲ. ಸಂತೆಯಲ್ಲಿ ಯಾರೋ ಹೆಸರು ಕೂಗಿದರೆ ನಾವು ಎಲ್ಲ ಕಡೆ ತಿರುಗಿ ನೋಡುವುದಿಲ್ಲವೇ, ಹಾಗೆ. ನಮ್ಮ ತೋಟದ ರಾತ್ರಿಯ ಗದ್ದಲ ಅವಕ್ಕೆ ಗೋಡೆ ಕಟ್ಟಿದ ಹಾಗೆ. ಹಾರುವ ಹೆಣ್ಣಿಗೆ ಆ ಗೋಡೆ ಇಲ್ಲ.

ಮಾವ ಹೊಗೆ ಹಾಕಲಿಲ್ಲ. ಅಡಿಕೆ ಚೀಲವನ್ನು ಕೆಳಗಿನ ಕೋಣೆಯಲ್ಲಿ ಒತ್ತಿಸಿ ಇಟ್ಟ, ಅದಕ್ಕೆ ಅತ್ತೆ ಇವತ್ತಿಗೂ ಗೊಣಗುತ್ತಾಳೆ. ಬರುವ ಬೇಸಿಗೆಗೆ ಹಂಚು ಇಳಿಸಿ ಜಂತಿ ಬದಲಾಯಿಸುವ ಕೆಲಸ ಇದೆ. ಗೆದ್ದಲು ಹಿಡಿದಿದೆ, ಮುಂದೂಡುವಂತಿಲ್ಲ. ಆಗ ಬಾವಲಿ ಎಲ್ಲಿಗೆ ಹೋಗುತ್ತವೆ ಅಂತ ಯಾರೂ ಹೇಳಿಲ್ಲ. ಮರಿ ಎದೆಗೆ ಕಚ್ಚಿಕೊಂಡಿರುವ ಹೊತ್ತಿನಲ್ಲಿ ಕೈ ಹಾಕಬೇಡಿ ಅಂತ ಕೇಳಿಕೊಂಡಿದ್ದೇನೆ. ಬಾವಲಿಗೆ ಸಲಕ್ಕೆ ಒಂದೇ ಮರಿ. ನೋಡೋಣ ಅಂದಿದ್ದಾನೆ. ಅವನ "ನೋಡೋಣ" ಕೆಲವು ಸಲ ಹೌದು, ಕೆಲವು ಸಲ ಇಲ್ಲ.

ಶಿವರಾತ್ರಿ ಹೊತ್ತಿಗೆ ಮತ್ತೆ ಊರಿಗೆ ಹೋಗಿದ್ದೆ. ಅಂಗಳದ ಹಲಸಿನ ಮರದಲ್ಲಿ ಗುಜ್ಜೆ ಬಿಟ್ಟಿತ್ತು. ಈ ಹಲಸಿಗೆ ಸೇರಿದ ಒಂದು ವಿಷಯ ಹೇಳಬೇಕು ಅಂತಲೇ ಇಷ್ಟು ಬರೆದೆ.

ಹಲಸು ಮತ್ತು ಅದರ ಜಾತಿಯ ಮರಗಳ ನೆತ್ತಿಯಲ್ಲಿ ಒಂದು ಎಲೆಮಿಡತೆ ವಾಸ ಮಾಡುತ್ತದೆ. ಬೇರೆಯವು ಕೀರಲು ದನಿಯಲ್ಲಿ ಕೂಗಿದರೆ ಇದರದು ತಗ್ಗಿದ ದನಿ, ಸಿಳ್ಳೆಯ ಹಾಗೆ. ಗಂಡು ಮೇಲೆ ಕೂತು ಸಿಳ್ಳೆ ಹಾಕುತ್ತದೆ. ಅದನ್ನು ಕೇಳಿದ ಕೂಡಲೇ ಹೆಣ್ಣು ಏನು ಮಾಡುತ್ತದೆ ಅಂತ ನೋಡಿದವರಿಗೆ ಅಚ್ಚರಿ ಕಾದಿತ್ತು. ಅದು ಮೊದಲು ಹಾರಲಿಲ್ಲ. ನಿಂತಲ್ಲೇ ನಿಂತು ಮೈ ನಡುಗಿಸಿತು. ಗಂಡಿನ ಒಂದೊಂದು ಸಿಳ್ಳೆಯ ಹಿಂದೆ ಒಂದೊಂದು ನಡುಕ, ತಾಳ ತಪ್ಪದೆ. ಆ ನಡುಕ ಕೊಂಬೆಯೊಳಗೆ ಹರಿದು ಗಂಡಿನ ಕಾಲಿಗೆ ತಲುಪುತ್ತದೆ. ಆಗ ಹುಡುಕಿಕೊಂಡು ಹೋಗುವುದು ಗಂಡು. ಲೇಸರ್ ಕಿರಣದಿಂದ ಕೊಂಬೆಯ ನಡುಕ ಅಳೆದು ಅದೇ ಬೆಂಗಳೂರಿನ ತಂಡ ಇದನ್ನು ತೋರಿಸಿದ್ದು, ಅದೂ 2015ರಲ್ಲೇ. ಬರೀ ನಡುಕವನ್ನು ಕೊಟ್ಟರೆ ಗಂಡಿಗೆ ದಾರಿ ತಿಳಿಯುವುದಿಲ್ಲ, ಸಿಳ್ಳೆ ಮತ್ತು ನಡುಕ ಎರಡೂ ಒಂದರ ಹಿಂದೆ ಒಂದು ಬಂದರೆ ಮಾತ್ರ ಹೆಣ್ಣಿದ್ದ ಕಡೆಗೆ ಹೋಗುತ್ತದೆ. ಕೂಗುವ ಗಂಡಿಗಿಂತ ಹುಡುಕಿ ಹೊರಟ ಹೆಣ್ಣು ಬಾವಲಿಗೆ ಹೆಚ್ಚು ಬಲಿಯಾಗುವುದರಿಂದ, ಆ ಅಪಾಯದ ಒಂದು ಪಾಲು ಗಂಡಿನ ಮೇಲೆ ಬೀಳುವ ಹಾಗೆ ಈ ರೀತಿ ಬಂದಿರಬಹುದು ಎಂದು ಅವರು ಬರೆದಿದ್ದಾರೆ.

ರಾತ್ರಿ ಊಟವಾದ ಮೇಲೆ ಅಮ್ಮನಿಗೆ ಇದನ್ನು ಹೇಳಿದೆ. ಅಂಗಳದಲ್ಲಿ ದೀಪ ಆರಿಸಿ ಇಬ್ಬರೂ ಹಲಸಿನ ಬುಡಕ್ಕೆ ಹೋದೆವು. ಮೇಲಿಂದ ಸಿಳ್ಳೆ ಬಂತು. ನಿಂತಿತು. ಮತ್ತೆ ಬಂತು. ಅಟ್ಟದ ಕಿಂಡಿಯಿಂದ ಏನೋ ಕಪ್ಪಗೆ ಜಾರಿ ತೋಟದ ಕಡೆ ಹೋಯಿತು, ಸದ್ದಿಲ್ಲ.

ಅಮ್ಮ ಕಾಂಡಕ್ಕೆ ಅಂಗೈ ಒತ್ತಿ ನಿಂತಿದ್ದಳು. ಇಷ್ಟು ದಪ್ಪ ಮರದಲ್ಲಿ ಅಂಗೈಗೆ ಏನೂ ಗೊತ್ತಾಗುವುದಿಲ್ಲ ಅಂತ ಹೇಳಬೇಕೆಂದಿದ್ದೆ.

"ಶ್," ಅಂದಳು. ನಾನೂ ಕೈ ಇಟ್ಟೆ.